ಹಿಟ್ಟುಗಿಡ ಮತ್ತು ಗುಂಡಿಗಿಡ

ಪುಣೆ ಮತ್ತು ಸುತ್ತಲಿನ ಕನ್ನಡ ಕೇಳುಗರಿಗೆ ನಮಸ್ಕಾರ.

ಗುಲ್‌ಟೆಕಡಿಯ ಹೂವಿನ ಪೇಟೆಯಿಂದ ಹಬ್ಬಕ್ಕೆಂದು ತಂದ ಚೆಂಡುಹೂವಿನ, ಅಂದರೆ ಇಲ್ಲಿಯವರು ಝೆಂಡು ಎನ್ನುವ ಹೂವಿನ, ಒಂದು ಎಸಳನ್ನು ಬುಡಸಹಿತ ಮೆಲ್ಲನೆ ಕಿತ್ತು ನೋಡಿ. ಅದರ ಬುಡಕ್ಕೆ ಸಣ್ಣ ಕಡ್ಡಿಯಂಥದೊಂದು ಅಂಟಿಕೊಂಡು ಬರುತ್ತದೆ. ಮುಂದೆ ಒಣಗಿ ಕಪ್ಪು ಬೀಜವಾಗುವುದು ಅದೇ. ನಾವು ಎಸಳು ಎಂದುಕೊಂಡದ್ದು ನಿಜವಾಗಿ ಒಂದು ಇಡೀ ಹೂವು. ನಾವು ಹೂವು ಎಂದದ್ದು ಅಂಥ ಹಲವು ಕಿರುಹೂಗಳ ಸಂತೆ. ಸೂರ್ಯಕಾಂತಿ, ಸೇವಂತಿಗೆ, ಗುರೆಳ್ಳು, ಕುಸುಬೆಗಳೆಲ್ಲ ಸೇರುವ ಆಸ್ಟರೇಸಿ ಕುಟುಂಬದ ಗುಟ್ಟು ಇದು. ಇಂದು ನಾನು ಹೇಳಹೊರಟಿರುವ ಎರಡು ಮರುಭೂಮಿಯ ಪೊದೆಗಳೂ ಇದೇ ಮನೆತನದವು.

ಅಮೆರಿಕದ ನೈಋತ್ಯ ಭಾಗದ ಮರುಭೂಮಿಗಳಲ್ಲಿ ಬೆಳೆಯುವ ಈ ಪೊದೆಗಳ ಕುಲದ ಹೆಸರು ಎನ್ಸೀಲಿಯ. ಒಂದು ಎನ್ಸೀಲಿಯ ಫ್ಯಾರಿನೋಸ, ಇನ್ನೊಂದು ಎನ್ಸೀಲಿಯ ಫ್ರುಟೆಸೆನ್ಸ್. ಫ್ಯಾರಿನೋಸ ಎಂಬ ಲ್ಯಾಟಿನ್ ಮಾತಿಗೆ ಹಿಟ್ಟು ಹಿಟ್ಟಾದದ್ದು ಎಂದರ್ಥ. ಇದರ ಎಲೆಗಳು ಜೋಳದ ಹಿಟ್ಟು ಉದುರಿಸಿದಂತೆ ಬೆಳ್ಳಗಿರುತ್ತವೆ. ಎರಡನೆಯದರ ಹೂವು ಅಂಗಿಯ ಗುಂಡಿಯಂತೆ ದುಂಡಗೆ ಇರುತ್ತದೆ. ಆದ್ದರಿಂದ ಈ ಭಾಷಣದ ಮಟ್ಟಿಗೆ ಮೊದಲನೆಯದನ್ನು ಹಿಟ್ಟುಗಿಡ ಎಂದೂ ಎರಡನೆಯದನ್ನು ಗುಂಡಿಗಿಡ ಎಂದೂ ಕರೆಯುತ್ತೇನೆ.

ಮಗಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದಾಗ, ಕೋಚೆಲ್ಲಾ ಕಣಿವೆಯ ಅಂಚಿನಲ್ಲಿ ಇವನ್ನು ಮೊದಲ ಸಲ ಕಂಡೆ. ಓದಿಕೊಂಡು ಹೋದದ್ದು ಒಂದೇ ಸಾಲು: ಬಿಳಿ ಎಲೆ ಇದ್ದರೆ ಹಿಟ್ಟುಗಿಡ, ಹಸಿರೆಲೆ ಇದ್ದರೆ ಗುಂಡಿಗಿಡ. ಆ ಸಾಲನ್ನು ನಂಬಿ ಮೊದಲ ದಿನವೇ ಮೋಸಹೋದೆ. ಆಗಷ್ಟೇ ಮಳೆ ಬಿದ್ದಿತ್ತು. ಮಳೆಯ ಬೆನ್ನಿಗೆ ಚಿಗುರುವ ಹಿಟ್ಟುಗಿಡದ ಎಲೆಗಳು ದೊಡ್ಡವಾಗಿ, ಸಾಕಷ್ಟು ಹಸಿರಾಗಿಯೇ ಇರುತ್ತವೆ. ನೆಲ ಒಣಗಿದಂತೆಲ್ಲ ಹೊಸದಾಗಿ ಬರುವ ಎಲೆಗಳು ಚಿಕ್ಕವಾಗುತ್ತ, ಅವುಗಳ ಮೇಲಿನ ಕೂದಲು ದಟ್ಟವಾಗುತ್ತ, ಕೊನೆಗೆ ಗಿಡವೇ ಸುಣ್ಣ ಬಳಿದಂತೆ ಕಾಣುತ್ತದೆ. ಆದ್ದರಿಂದ ಬಣ್ಣ ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು.

ಹೂವು ಇದ್ದರೆ ಸಂದೇಹಕ್ಕೆ ಎಡೆ ಕಡಿಮೆ. ಹಿಟ್ಟುಗಿಡದಲ್ಲಿ ಎಲೆಗಳ ಗುಂಪಿನಿಂದ ಉದ್ದನೆಯ ದೇಟುಗಳು ಮೇಲೆದ್ದು, ಕವಲೊಡೆದು, ಕವಲಿಗೊಂದರಂತೆ ಹಳದಿ ಹೂವನ್ನು ಹೊರುತ್ತವೆ. ಪ್ರತಿ ಹೂವಿನ ಸುತ್ತಲೂ ಸೂರ್ಯಕಾಂತಿಯಲ್ಲಿರುವಂತೆ ಎಸಳಿನ ಆಕಾರದ ಕಿರುಹೂಗಳ ಸಾಲಿರುತ್ತದೆ. ಈ ಅಂಚಿನ ಕಿರುಹೂಗಳು ಬೀಜ ಕಟ್ಟುವುದಿಲ್ಲ, ಕೀಟಗಳನ್ನು ಕೈಬೀಸಿ ಕರೆಯುವುದಷ್ಟೇ ಅವುಗಳ ಕೆಲಸ. ಗುಂಡಿಗಿಡ ಆ ಖರ್ಚನ್ನೇ ಇಟ್ಟುಕೊಂಡಿಲ್ಲ. ಅದರ ದೇಟು ಕವಲೊಡೆಯದೆ ತುದಿಯಲ್ಲಿ ಒಂದೇ ಹೂವನ್ನು ಹೊರುತ್ತದೆ, ಆ ಹೂವಿಗೆ ಅಂಚಿನ ಎಸಳೂ ಇಲ್ಲ. ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಊರಿನ ಕುಸುಬೆ ಹೊಲವನ್ನು ನೆನೆದರೆ ಸಾಕು: ಕುಸುಬೆಯ ಹೂವಿನಲ್ಲೂ ನಡುವಿನ ಕಿರುಹೂಗಳ ಕುಚ್ಚಷ್ಟೇ ಇರುತ್ತದೆ.

ಹೂವಿಲ್ಲದ ಕಾಲದಲ್ಲಿ ಬೆರಳನ್ನು ನಂಬಬೇಕು. ಹಿಟ್ಟುಗಿಡದ ಎಲೆ ಮೆತ್ತಗೆ, ಹಳೆಯ ಕಂಬಳಿಯನ್ನು ಸವರಿದಂತಿರುತ್ತದೆ. ಗುಂಡಿಗಿಡದ ಎಲೆಯ ಮೇಲೆ ಬುಡ ದಪ್ಪವಾದ, ಮೊಂಡು ಕೂದಲುಗಳಿದ್ದು, ಉಪ್ಪುಕಾಗದದಂತೆ ತರಕಲಾಗಿರುತ್ತದೆ. ಹಿಟ್ಟುಗಿಡದ ಕಡ್ಡಿ ಸ್ವಲ್ಪ ಬಗ್ಗಿಸಿದರೂ ಲಟಕ್ಕನೆ ಮುರಿಯುತ್ತದೆ, ಮುರಿದಲ್ಲಿ ಸುವಾಸನೆಯ ಅಂಟು ಒಸರುತ್ತದೆ. ಸ್ಪೇನಿನ ಪಾದ್ರಿಗಳು ಅದನ್ನು ಧೂಪವಾಗಿ ಸುಡುತ್ತಿದ್ದುದರಿಂದ ಗಿಡಕ್ಕೆ ಇನ್ಸಿಯೆನ್ಸೊ, ಅಂದರೆ ಧೂಪ, ಎಂಬ ಹೆಸರೂ ಬಂತು.

ಇಷ್ಟು ಹತ್ತಿರದ ನೆಂಟರು ಇಷ್ಟು ಬೇರೆಯಾಗಿ ಕಾಣುವುದೇಕೆ? ನನಗೆ ಎಲ್ಲಕ್ಕಿಂತ ರುಚಿಸಿದ ಭಾಗ ಇದು. ಹಿಟ್ಟುಗಿಡ ಕಲ್ಲುಗುಡ್ಡದ ಇಳಿಜಾರಿನಲ್ಲಿ, ನೀರು ನಿಲ್ಲದ ಕಡೆ ಬೆಳೆಯುತ್ತದೆ. ಬೆವರಿ ತಂಪಾಗಲು ಅದರ ಬಳಿ ನೀರಿಲ್ಲ, ಹಾಗಾಗಿ ಬಿಸಿಲನ್ನೇ ಹಿಂದಕ್ಕೆ ಕಳುಹಿಸುತ್ತದೆ. 1976ರಲ್ಲಿ ಎಲರಿಂಗರ್, ಬ್ಯೋರ್ಕ್‌ಮನ್ ಮತ್ತು ಮೂನಿ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಂತೆ, ಕರಾವಳಿಯಲ್ಲಿ ಬೆಳೆಯುವ, ಎಲೆಯಲ್ಲಿ ಕೂದಲಿಲ್ಲದ ಇನ್ನೊಂದು ಎನ್ಸೀಲಿಯಕ್ಕೆ ಹೋಲಿಸಿದರೆ, ಈ ಕೂದಲಿನ ಹೊದಿಕೆಯಿಂದ ಎಲೆ ಹೀರುವ ಬೆಳಕು ಶೇಕಡಾ 56ರಷ್ಟು ಕಡಿಮೆಯಾಗಬಲ್ಲದು. ಅದರ ಬೆಲೆಯೂ ಗಿಡದ ಮೇಲೆಯೇ ಬೀಳುತ್ತದೆ. ಬೆಳಕು ಕಡಿಮೆಯಾದಂತೆ ಆಹಾರ ತಯಾರಿಕೆಯೂ ಇಳಿಯುತ್ತದೆ. ಗುಂಡಿಗಿಡವಾದರೋ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳ ಮರಳಿನಲ್ಲಿ ನೆಲೆಸಿ, ಅಲ್ಲಿ ಸಿಗುವ ನೀರನ್ನು ಧಾರಾಳವಾಗಿ ಎಲೆಯಿಂದ ಆವಿಯಾಗಿ ಬಿಟ್ಟು ತಂಪಾಗುತ್ತದೆ. ನಮ್ಮ ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ಬಗೆಯೇ ಅದು. ನೀರು ತೀರಿದ ಮೇಲೆ ಎಲೆಗಳನ್ನು ಉದುರಿಸಿ ಸುಮ್ಮನಾಗುತ್ತದೆ. ಹೀಗಾಗಿ ಗಿಡದ ಹೆಸರು ಹೇಳುವ ಮೊದಲು ನಾವು ನಿಂತ ನೆಲ ಗುಡ್ಡವೋ ಹಳ್ಳವೋ ಎಂದು ನೋಡಿಕೊಳ್ಳುವುದು ಲೇಸು.

ಆದರೆ ಗುಡ್ಡ ಇಳಿದು ಹಳ್ಳ ಸೇರುವ ಕಡೆಯೂ ಒಂದಿದೆಯಲ್ಲ. ಎರಡೂ ಜಾತಿಗಳಲ್ಲಿ ವರ್ಣತಂತುಗಳ ಜೋಡಿ 18; ಅವು ಅಕ್ಕಪಕ್ಕ ಬೆಳೆದಲ್ಲಿ ಕೂಡುತ್ತವೆ, ಮಿಶ್ರತಳಿ ಹುಟ್ಟುತ್ತದೆ. ಅಂಥ ಸಂಧಿಯಲ್ಲಿ ನಾನು ಕಂಡ ಒಂದು ಪೊದೆಯ ಎಲೆ ಬೂದು ಹಸಿರಾಗಿ, ಮುಟ್ಟಿದರೆ ಮೆತ್ತಗೂ ಅಲ್ಲದೆ ತರಕಲೂ ಅಲ್ಲದೆ ಇತ್ತು. ಹೂವಿನ ಅಂಚಿನಲ್ಲಿ ನಾಲ್ಕೈದು ಮೋಟು ಎಸಳುಗಳಿದ್ದವು. ಬಹಳ ಹೊತ್ತು ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಕೊನೆಗೆ ಟಿಪ್ಪಣಿ ಪುಸ್ತಕದಲ್ಲಿ ಎರಡೂ ಹೆಸರುಗಳನ್ನು ಬರೆದು, ನಡುವೆ ಒಂದು ಗುಣಾಕಾರದ ಚಿಹ್ನೆ ಹಾಕಿ ಎದ್ದುಬಂದೆ.

ನಮಸ್ಕಾರ.