70 ಜನರನ್ನ 40 ಜನ ಹೇಗೆ ಹೊಡೆದುಹಾಕ್ತಾರೆ? | ಗಿಲ್ಡ್ ವಾರ್ಸ್ 2

ನಮಸ್ಕಾರ. ಗಿಲ್ಡ್ ವಾರ್ಸ್ 2 ಅನ್ನೋ ಆನ್‌ಲೈನ್ ಗೇಮ್‌ನ ದೊಡ್ಡ ಕಾಳಗದ ಮೋಡ್, ವರ್ಲ್ಡ್ ವರ್ಸಸ್ ವರ್ಲ್ಡ್ ಬಗ್ಗೆ ಪದೇಪದೇ ಕೇಳಿಬರೋ ಪ್ರಶ್ನೆ ಇದು: "ನಾವು 70 ಜನ, ಅವರು 40. ಆದ್ರೂ ಒಂದೇ ನುಗ್ಗಿಗೆ ನಮ್ಮನ್ನ ಮಲಗಿಸಿಬಿಟ್ರು. ಹೇಗೆ?"

ಬೇಸಿಕ್ಸ್ ಬೇಗ ಮುಗಿಸೋಣ. ಮೂರು ತಂಡ, ಕೋಟೆಗಾಗಿ ಕಾಳಗ, ಒಂದು ಸ್ಕ್ವಾಡ್‌ಗೆ (ಜೊತೆಗೂಡಿ ಆಡೋ ಪಡೆ) ಗರಿಷ್ಠ 50 ಜನ, ಅದನ್ನ ನಡೆಸೋ ಕಮಾಂಡರ್ ತಲೆ ಮೇಲೆ ಟ್ಯಾಗ್, ಅಂದ್ರೆ ಗುರುತಿನ ಚಿಹ್ನೆ.

ಈಗ ಅಸಲಿ ವಿಷಯ. ಇಲ್ಲಿ ಹೆಚ್ಚಿನ ಏರಿಯಾ ಸ್ಕಿಲ್‌ಗಳು (ಒಂದಿಡೀ ಜಾಗದ ಮೇಲೆ ಬೀಳೋ ದಾಳಿಗಳು) ಒಂದು ಏಟಿಗೆ 5 ಜನಕ್ಕೆ ಮಾತ್ರ ತಗಲ್ತವೆ.

[ಸ್ಕ್ರೀನ್: ಕೆಂಪು ವೃತ್ತ, ಒಳಗೆ 5 ಚುಕ್ಕಿ, ಆಮೇಲೆ 40]

ದಾಳಿ ಬೀಳೋ ಕೆಂಪು ವೃತ್ತದೊಳಗೆ 5 ಜನ ಇದ್ರೆ ಪ್ರತಿ ಏಟೂ ಎಲ್ಲರಿಗೂ ಬೀಳುತ್ತೆ. 40 ಜನ ಅಂಟಿಕೊಂಡು ನಿಂತ್ರೆ 35 ಜನಕ್ಕೆ ಏನೂ ಆಗಲ್ಲ. ಸರಾಸರಿ ಒಬ್ಬನ ಪಾಲಿಗೆ 8ರಲ್ಲಿ ಒಂದು ಏಟು! ಕೆಂಪು ಕಂಡ ಕೂಡಲೇ ಹೊಸಬರು ಚದುರಿ ಓಡ್ತಾರೆ, ಸಹಜ. ಆದ್ರೆ ಒಂಟಿಯಾಗಿ ಓಡಿದವನ ಏಟು ಹಂಚಿಕೊಳ್ಳೋಕೆ ಯಾರೂ ಇರಲ್ಲ.

ಬೂನ್‌ಗಳ (ಜೊತೆಗಾರರಿಗೆ ಸ್ವಲ್ಪ ಹೊತ್ತು ಬಲ ಕೊಡೋ ವರಗಳ) ಲೆಕ್ಕವೂ ಹೆಚ್ಚುಕಮ್ಮಿ ಇದೇ: 5 ಜನಕ್ಕೆ, ಅದೂ ಮೊದಲು ನಿಮ್ಮ ಸಬ್‌ಗ್ರೂಪ್‌ಗೆ, ಅಂದ್ರೆ ಸ್ಕ್ವಾಡ್‌ನೊಳಗಿನ ಚಿಕ್ಕ ಗುಂಪಿಗೆ. ಅದಕ್ಕೇ ಗಿಲ್ಡ್‌ಗಳು (ಆಟಗಾರರ ಸಂಘಗಳು) ಸ್ಕ್ವಾಡನ್ನ ಐದೈದಾಗಿ ಒಡೀತವೆ. ಪ್ರತಿ ಐದರಲ್ಲೂ ಸ್ಟೆಬಿಲಿಟಿ (ನಿಮ್ಮನ್ನ ಕದಲದಂತೆ ಹಿಡಿಯೋ ಏಟನ್ನ ತಡೆಯೋ ಬೂನ್) ಕೊಡೋಕೆ ಫೈರ್‌ಬ್ರ್ಯಾಂಡ್ ಅನ್ನೋ ಬಗೆಯ ಪಾತ್ರದ ಒಬ್ಬ, ಒಬ್ಬ ಹೀಲರ್, ಉಳಿದವರು ಡ್ಯಾಮೇಜ್. ಸ್ಟನ್ (ಅಲ್ಲಾಡದ ಹಾಗೆ ಮಾಡೋ ಏಟು) ಬಿದ್ರೆ ಸ್ಟೆಬಿಲಿಟಿಯ ಒಂದು ಸ್ಟ್ಯಾಕ್ (ಪದರ) ಹೋಗುತ್ತೆ, ನೀವು ಓಡ್ತಾನೇ ಇರ್ತೀರಿ. ಫೈರ್‌ಬ್ರ್ಯಾಂಡ್ ಮೊದಲ ನುಗ್ಗಿಗೇ ಎಲ್ಲಾ ಸ್ಟೆಬಿಲಿಟಿ ಸ್ಕಿಲ್ ಖಾಲಿ ಮಾಡಿದ್ರೆ ಮಾತ್ರ ಕಷ್ಟ: ಎರಡನೇ ನುಗ್ಗಿಗೆ ಇಡೀ ಸಬ್‌ಗ್ರೂಪ್ ನಿಂತಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎಲ್ಲರನ್ನೂ ಸಬ್‌ಗ್ರೂಪ್ 1ರಲ್ಲೇ ತುಂಬಿದ್ರೆ ಬೂನ್ ಯಾರಿಗೆ ಬೀಳುತ್ತೋ ದೇವರೇ ಬಲ್ಲ.

ಟೈಮ್ ಕಮ್ಮಿ, ಉಳಿದದ್ದು ಚಕಚಕ. ವಾಯ್ಸ್ ಚಾಟ್‌ನಲ್ಲಿ ಕಮಾಂಡರ್ "3, 2, 1" ಅಂದಾಗ ನೆಕ್ರೊಮ್ಯಾನ್ಸರ್ ಬಗೆಯ ಪಾತ್ರದವರು ಎದುರಾಳಿಯ ಬೂನ್ ಕಿತ್ತುಹಾಕ್ತಾರೆ, ಬೆನ್ನಲ್ಲೇ ಎಲ್ಲರ ಡ್ಯಾಮೇಜ್ ಒಂದೇ ಜಾಗಕ್ಕೆ. ಬಿಡಿಬಿಡಿಯಾಗಿ ಬಂದ ಏಟನ್ನ ಹೀಲರ್ ಸರಿಮಾಡ್ತಾನೆ. ಒಟ್ಟಿಗೆ ಬಂದದ್ದನ್ನ ಆಗಲ್ಲ. ಇನ್ನೊಂದು: ಹಿಂದೆ ಬಿದ್ದು ನೀವು ಸತ್ರೆ, ನಿಮಗೆ ಏಟು ಕೊಟ್ಟಿದ್ದ, ಡೌನ್ ಆಗಿರೋ (ನೆಲಕ್ಕೆ ಬಿದ್ದಿದ್ರೂ ಇನ್ನೂ ಸಾಯದ) ಎದುರಾಳಿ ಎದ್ದು ನಿಲ್ಲಬಹುದು.

ಗಿಲ್ಡ್ ಇಲ್ವಾ? ಸ್ಕ್ವಾಡ್ ಸೇರಿ, ಟ್ಯಾಗ್ ಮೇಲೇ (ಕಮಾಂಡರ್‌ಗೆ ಅಂಟಿಕೊಂಡೇ) ನಿಲ್ಲಿ, ಒಂದಾದ್ರೂ ಸ್ಟನ್ ಬ್ರೇಕ್ (ಸ್ಟನ್‌ನಿಂದ ಬಿಡಿಸೋ ಸ್ಕಿಲ್) ಇಟ್ಕೊಳ್ಳಿ. ಭಾರತದಿಂದ ಆಡೋರಿಗೆ ಪಿಂಗ್ (ಸರ್ವರ್‌ಗೆ ಹೋಗಿಬರೋ ತಡ) ಜಾಸ್ತಿ. ಡಾಡ್ಜ್‌ಗೆ (ಉರುಳಿ ಏಟು ತಪ್ಪಿಸಿಕೊಳ್ಳೋಕೆ) ಏಟು ಕಾಣೋ ತನಕ ಕಾಯಬೇಡಿ, ಕಮಾಂಡರ್ ಕರೆ ಕೇಳಿದ ಕೂಡಲೇ ಒತ್ತಿ. ಗಿಲ್ಡ್ ನಡೆಸೋರೇ, ನಿಮ್ಮಲ್ಲೂ ಒಂದು ಮನವಿ: ವಾರಕ್ಕೊಂದು ಸಂಜೆಯಾದ್ರೂ ಯಾರು ಬೇಕಾದ್ರೂ ಸೇರೋ ಹಾಗೆ ಟ್ಯಾಗ್ ಓಪನ್ ಇಡಿ, ಬಂದವರನ್ನ ಸಬ್‌ಗ್ರೂಪ್‌ಗೆ ಹಾಕಿ.