ಹೇಳಿದ್ದು ಸೆಪ್ಟೆಂಬರ್, ತಂದದ್ದು ಮೇ: ಹೊಸ ಗೇಮ್ ಕನ್ಸೋಲ್‌ಗೆ ಮುಹೂರ್ತ ಇಡುವುದು ಹೇಗೆ?

[ಪರದೆಯ ಮೇಲೆ: ಲಾಸ್ ಏಂಜಲೀಸ್, 11 ಮೇ 1995]

ಇ3 ಎಂಬ ವಿಡಿಯೋ ಗೇಮ್ ಮೇಳ ಮೊದಲ ಬಾರಿಗೆ ನಡೆಯುತ್ತಿದೆ. ವೇದಿಕೆಯ ಮೇಲೆ ಸೆಗಾ ಕಂಪನಿಯ ಅಮೆರಿಕ ಶಾಖೆಯ ಮುಖ್ಯಸ್ಥ ಟಾಮ್ ಕಲಿನ್ಸ್ಕಿ ನಿಂತಿದ್ದಾರೆ. ಕಂಪನಿಯ ಹೊಸ ಕನ್ಸೋಲ್ (ಟಿವಿಗೆ ಜೋಡಿಸಿ ಆಟ ಆಡುವ ಪೆಟ್ಟಿಗೆ) 'ಸ್ಯಾಟರ್ನ್' ಸೆಪ್ಟೆಂಬರ್ 2ರ ಶನಿವಾರ ಬರುತ್ತದೆ ಎಂದು ಮೊದಲೇ ಸಾರಿಯಾಗಿತ್ತು. ಸ್ಯಾಟರ್ನ್ ಎಂದರೆ ಶನಿ ತಾನೇ? ಆ ದಿನಕ್ಕೆ 'ಸ್ಯಾಟರ್ನ್‌ಡೇ' ಎಂಬ ಹೆಸರನ್ನೂ ಇಟ್ಟಿದ್ದರು. ನಮ್ಮ ಮನೆಯ ಹಿರಿಯರನ್ನು ಕೇಳಿದ್ದರೆ, ಶನಿಯ ಹೆಸರಿಟ್ಟು ಶನಿವಾರವೇ ವ್ಯಾಪಾರ ಶುರುಮಾಡುತ್ತೀರಾ ಎಂದು ಬೈದೇ ಬಿಡುತ್ತಿದ್ದರು.

ಕಲಿನ್ಸ್ಕಿ ಅಂದು ಹೇಳಿದ್ದು ಬೇರೆಯೇ. ಸೆಪ್ಟೆಂಬರ್‌ವರೆಗೆ ಕಾಯಬೇಕಿಲ್ಲ, ಮೂವತ್ತು ಸಾವಿರ ಸ್ಯಾಟರ್ನ್‌ಗಳು ಈಗಾಗಲೇ ಆಯ್ದ ಅಂಗಡಿಗಳನ್ನು ತಲುಪಿವೆ, ಬೆಲೆ 399 ಡಾಲರ್ ಎಂದರು. ಅದು ಗುರುವಾರ. ಶನಿವಾರವನ್ನೇನೋ ತಪ್ಪಿಸಿಕೊಂಡರು, ಆದರೆ ಶನಿ ಬಿಡಲಿಲ್ಲ.

[ದೃಶ್ಯ: ಖಾಲಿ ವೇದಿಕೆ, ಮೈಕ್]

ಅದೇ ದಿನ ಸೋನಿಯ ಸರದಿಯೂ ಇತ್ತು. ಅವರ ಕನ್ಸೋಲ್ ಪ್ಲೇಸ್ಟೇಷನ್ ಇನ್ನೂ ಅಮೆರಿಕಕ್ಕೆ ಬಂದಿರಲಿಲ್ಲ. ಭಾಷಣ ಮಾಡಲೆಂದು ಸ್ಟೀವ್ ರೇಸ್ ಎಂಬ ಅಧಿಕಾರಿಯನ್ನು ಕರೆದರು. ಅವರು ಮೈಕಿನ ಮುಂದೆ ನಿಂತು '299' ಎಂದಷ್ಟೇ ಹೇಳಿ ಹೋಗಿ ಕುಳಿತರು. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ನೂರು ಡಾಲರ್ ಕಡಿಮೆ! ಇಷ್ಟು ಚಿಕ್ಕ ಭಾಷಣ ಇಷ್ಟು ಕೆಲಸ ಮಾಡಿದ ಇನ್ನೊಂದು ಉದಾಹರಣೆ ನನಗಂತೂ ನೆನಪಾಗುತ್ತಿಲ್ಲ.

ಆದರೆ ಸೆಗಾ ಸೋತದ್ದು ಬೆಲೆಯೊಂದರಿಂದಲೇ ಅಲ್ಲ. ಇಂದಿನ ವಿಡಿಯೋ ಇರುವುದು ಆ ನಾಲ್ಕು ತಿಂಗಳ ಅವಸರದ ಬಗ್ಗೆ.

ಹೊಸ ಕನ್ಸೋಲ್ ಬರುವ ದಿನಾಂಕವನ್ನು ಕಂಪನಿಯೊಂದೇ ಇಟ್ಟುಕೊಳ್ಳಲು ಆಗುವುದಿಲ್ಲ. ಸಾಮಾನ್ಯವಾಗಿ ಕನ್ಸೋಲ್ ಪೆಟ್ಟಿಗೆಯನ್ನು ಅಸಲಿಗೋ, ಅಸಲಿಗಿಂತ ಕಡಿಮೆಗೋ ಮಾರುತ್ತಾರೆ. ಲಾಭ ಬರುವುದು ಆಟಗಳಿಂದ. ಬೇರೆ ಸ್ಟುಡಿಯೋಗಳು ಮಾಡಿದ ಆಟ ಮಾರಾಟವಾದಾಗಲೂ ಕನ್ಸೋಲ್ ಕಂಪನಿಗೆ ಪಾಲು ಸಲ್ಲುತ್ತದೆ. ಹಾಗಾಗಿ ಆಟವಿಲ್ಲದೆ ಪೆಟ್ಟಿಗೆಯನ್ನಷ್ಟೇ ತಂದಿಟ್ಟರೆ ಕಂಪನಿಗೆ ಖರ್ಚು, ಕೊಂಡವರಿಗೆ ಧೂಳು ಒರೆಸುವ ಕೆಲಸ.

ಸೆಪ್ಟೆಂಬರನ್ನು ನಂಬಿದ್ದ ಹೊರಗಿನ ಸ್ಟುಡಿಯೋಗಳ ಆಟಗಳು ಮೇ ತಿಂಗಳಲ್ಲಿ ಇನ್ನೂ ಅರ್ಧಕ್ಕೇ ನಿಂತಿದ್ದವು. ಅಂಗಡಿಗೆ ಹೋದವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಆಟಗಳು, ಅವೂ ಸೆಗಾದವೇ: ವರ್ಚುವಾ ಫೈಟರ್, ಡೇಟೋನಾ, ಪಾಂಜರ್ ಡ್ರಾಗೂನ್, ಇಂಥವು. ಎಲೆ ಹಾಕಿ ಕೂರಿಸಿ, ಪಲ್ಯ ಇನ್ನೂ ಒಲೆಯ ಮೇಲಿದೆ ಎಂದಂತಾಯಿತು. ಅತ್ತ ಮೂವತ್ತು ಸಾವಿರ ಪೆಟ್ಟಿಗೆಗಳು ಇಡೀ ಅಮೆರಿಕಕ್ಕೆ ಸಾಲಲಿಲ್ಲ. ಸರಕು ಸಿಗದ ಅಂಗಡಿಗಳು ಸಿಟ್ಟಾದವು. ಕೆಬಿ ಟಾಯ್ಸ್ ಎಂಬ ದೊಡ್ಡ ಆಟಿಕೆ ಮಳಿಗೆ ಸರಪಳಿ, ನಿಮ್ಮ ಸರಕೇ ಬೇಡ ಎಂದು ಸೆಗಾಗೆ ಬಾಗಿಲು ಮುಚ್ಚಿತು.

ಅವಸರ ಏಕಿತ್ತು? ಸೋನಿಗಿಂತ ಮೊದಲು ಕಾಲಿಡಬೇಕೆಂದು ಜಪಾನಿನ ಕೇಂದ್ರ ಕಚೇರಿಯಿಂದ ಒತ್ತಡ ಬಂದಿತ್ತು. ಜಪಾನಿನಲ್ಲಿ ಸ್ಯಾಟರ್ನ್ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಅಲ್ಲಿಯದೇ ಲೆಕ್ಕ ಅಮೆರಿಕದಲ್ಲೂ ನಡೆಯುತ್ತದೆ ಎಂದುಕೊಂಡರು.

[ದೃಶ್ಯ: ಒಂದರ ಮೇಲೊಂದು ಜೋಡಿಸಿದ ಜೆನೆಸಿಸ್, ಸೆಗಾ ಸಿಡಿ, 32ಎಕ್ಸ್. ಕ್ಯಾಮೆರಾ ನಿಧಾನವಾಗಿ ಹಿಂಭಾಗದ ವೈರುಗಳ ಕಡೆಗೆ]

ಈ ಗೋಪುರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೆಳಗೆ ಡಿಸ್ಕ್ ಓದುವ ಸೆಗಾ ಸಿಡಿ, ನಡುವೆ ಅಮೆರಿಕದಲ್ಲಿ 1989ರಲ್ಲಿ ಬಂದು ಮನೆಮಾತಾಗಿದ್ದ ಸೆಗಾದ ಹಳೆಯ ಕನ್ಸೋಲ್ ಜೆನೆಸಿಸ್, ಆಟದ ಕಾರ್ಟ್ರಿಡ್ಜ್ ಹಾಕುವ ಅದರ ಕಿಂಡಿಗೆ ಅಣಬೆಯಂತೆ ಚುಚ್ಚಿಕೊಂಡು ಅದಕ್ಕೆ ಬಲ ತುಂಬುವ 32ಎಕ್ಸ್. ಮೂರಕ್ಕೂ ಮೂರು ಬೇರೆ ಅಡಾಪ್ಟರ್. ಪ್ರತಿಯೊಂದೂ ಇಟ್ಟಿಗೆಯಷ್ಟು ದಪ್ಪ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಕ್ಕಪಕ್ಕ ಕೂರಿಸಲು ಹೋದರೆ ಒಂದು ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ.

32ಎಕ್ಸ್ ಅಮೆರಿಕದಲ್ಲಿ ಬಿಡುಗಡೆಯಾದದ್ದು 1994ರ ನವೆಂಬರಿನಲ್ಲಿ, ಬೆಲೆ 159 ಡಾಲರ್. ಹಳೆಯ ಯಂತ್ರವನ್ನು ಎಸೆಯಬೇಡಿ, ಇದನ್ನು ಚುಚ್ಚಿಕೊಳ್ಳಿ ಎಂದು ಮಾರಿದರು. ಆರು ತಿಂಗಳಿಗೆ ಸ್ಯಾಟರ್ನ್ ಬಂತು. ಜಪಾನಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಸ್ಯಾಟರ್ನ್ ಬಂದದ್ದು 1994ರ ನವೆಂಬರ್ 22ರಂದು, ಹಳೆಯ ಯಂತ್ರಕ್ಕೆ ಊರುಗೋಲಾಗಬೇಕಿದ್ದ 32ಎಕ್ಸ್ ಬಂದದ್ದು ಡಿಸೆಂಬರ್ 3ರಂದು. ಹೊಸ ಸೊಸೆ ಮನೆ ತುಂಬಿ ಹನ್ನೊಂದು ದಿನದ ಮೇಲೆ ಹೆಣ್ಣು ನೋಡುವ ಶಾಸ್ತ್ರ! ಸಾಲದ್ದಕ್ಕೆ ಅದೇ ಡಿಸೆಂಬರ್ 3, ಪ್ಲೇಸ್ಟೇಷನ್ ಹುಟ್ಟಿದ ದಿನವೂ ಹೌದು.

ಹಣ ಕೊಟ್ಟು 32ಎಕ್ಸ್ ಒಯ್ದವರು ಅದನ್ನು ಮರೆಯಲಿಲ್ಲ. ನನ್ನ ಲೆಕ್ಕದಲ್ಲಿ ಸೆಗಾದ ನಿಜವಾದ ನಷ್ಟ ಇದೇ. ಬೆಲೆ ಹೆಚ್ಚಾದರೆ ಇಳಿಸಬಹುದು, ಆಟ ಕಡಿಮೆಯಾದರೆ ಮಾಡಿಸಬಹುದು. ಇವರು ಈಗ ಕೊಡುವ ಯಂತ್ರ ಎಷ್ಟು ದಿನದ್ದೋ ಎಂಬ ಅನುಮಾನ ಒಮ್ಮೆ ಹೊಕ್ಕರೆ, ಮುಂದಿನ ಯಂತ್ರಕ್ಕೂ ಅದೇ ಅಂಟುತ್ತದೆ.

ಮುಂದಿನದು ಡ್ರೀಮ್‌ಕಾಸ್ಟ್. ಅಮೆರಿಕಕ್ಕೆ ಬಂದದ್ದು 1999ರ ಸೆಪ್ಟೆಂಬರ್ 9ರಂದು, 199 ಡಾಲರಿಗೆ. ಈ ಸಲ ಆಟಗಳಿದ್ದವು, ಬೆಲೆ ಹಿತವಾಗಿತ್ತು, ಯಂತ್ರವೂ ಚೆನ್ನಾಗಿತ್ತು. ಆದರೆ ಡಿವಿಡಿಯನ್ನೂ ಓಡಿಸುವ ಪ್ಲೇಸ್ಟೇಷನ್ 2 ಬರುತ್ತದೆಂದು ಜನರಿಗೆ ಗೊತ್ತಿತ್ತು, ಅದಕ್ಕಾಗಿ ಕಾದರು. ಕಾಯಲು ಸೆಗಾದ ಗಲ್ಲಾಪೆಟ್ಟಿಗೆಯಲ್ಲಿ ಹಣ ಉಳಿದಿರಲಿಲ್ಲ. 2001ರ ಜನವರಿ ಕೊನೆಯಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿ, ಕನ್ಸೋಲ್ ವ್ಯಾಪಾರದಿಂದಲೇ ಕಂಪನಿ ಎದ್ದುಹೋಯಿತು.

ಹಾಗಾದರೆ ಮೊದಲು ಬರುವುದೇ ತಪ್ಪೇ? ಅಷ್ಟು ಸುಲಭವಾಗಿ ಹೇಳಲಾರೆ.

[ಪರದೆಯ ಮೇಲೆ: ನವೆಂಬರ್ 2005]

ಮೈಕ್ರೋಸಾಫ್ಟ್ ತನ್ನ ಮೊದಲ ಎಕ್ಸ್‌ಬಾಕ್ಸನ್ನು ನಾಲ್ಕೇ ವರ್ಷಕ್ಕೆ ಬದಿಗೆ ಸರಿಸಿ ಎಕ್ಸ್‌ಬಾಕ್ಸ್ 360 ತಂದಿತು. ಹಳೆಯದರಲ್ಲಿ ನಷ್ಟವೇ ಆಗುತ್ತಿತ್ತು, ಎಳೆದಾಡುವುದರಲ್ಲಿ ಅರ್ಥವಿರಲಿಲ್ಲ. ಒಂದು ವರ್ಷದ ಮೇಲೆ ಬಂದ ಪ್ಲೇಸ್ಟೇಷನ್ 3ರ ಬೆಲೆ ಅಮೆರಿಕದಲ್ಲಿ 499 ಮತ್ತು 599 ಡಾಲರ್. ಅದರಲ್ಲಿ ಬ್ಲೂ-ರೇ ಡಿಸ್ಕ್ ಓದುವ ಲೇಸರಿನ ಬಿಡಿಭಾಗ ಸಾಲದೆ ಯೂರೋಪಿನವರು 2007ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಒಂದು ವರ್ಷದಲ್ಲಿ ಸ್ಟುಡಿಯೋಗಳ ಕೈ 360ಕ್ಕೆ ಪಳಗಿತ್ತು. ಅವಸರದ ಬೆಲೆಯನ್ನು ಮೈಕ್ರೋಸಾಫ್ಟ್ ಕೊಡಲಿಲ್ಲವೆಂದಲ್ಲ. ಯಂತ್ರಗಳು ಬಿಸಿಯೇರಿ ಕೆಡತೊಡಗಿದವು, ಮುಂಭಾಗದಲ್ಲಿ ಕೆಂಪು ದೀಪಗಳು ಉರಿದು ಆಟ ಅಲ್ಲಿಗೇ ಮುಗಿಯುತ್ತಿತ್ತು. 2007ರಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿದರು, ಅದಕ್ಕೆಂದು ತೆಗೆದಿಟ್ಟದ್ದು ನೂರು ಕೋಟಿ ಡಾಲರಿಗೂ ಹೆಚ್ಚು. ಸೆಗಾ ಇಂಥ ಏಟು ತಿಂದಿದ್ದರೆ ಮರುದಿನವೇ ಬಾಗಿಲು ಹಾಕಬೇಕಾಗುತ್ತಿತ್ತು. ಬೇಗ ಬರುವ ಧೈರ್ಯಕ್ಕೆ ಬೆನ್ನ ಹಿಂದೆ ಆಳವಾದ ಜೇಬು ಬೇಕು.

ತಡ ಮಾಡಿ ಕೆಟ್ಟವರೂ ಇದ್ದಾರೆ. ನಿಂಟೆಂಡೊ ಕಂಪನಿಯ ವೀ ಕನ್ಸೋಲ್ ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿತ್ತು, ಆದರೆ ಕೊನೆಯ ವರ್ಷಗಳಲ್ಲಿ ಹೊಸ ಆಟಗಳ ಹರಿವು ಬತ್ತಿತ್ತು. 2012ರಲ್ಲಿ ಅದರ ಮುಂದಿನ ಯಂತ್ರ ವೀ ಯು ಬರುವ ಹೊತ್ತಿಗೆ ಬಹಳ ಮಂದಿ ಹಳೆಯದನ್ನು ಕಪಾಟಿಗೆ ಸೇರಿಸಿಯಾಗಿತ್ತು. ಹೊಸದು ಮಾರಾಟವಾದದ್ದು ಸುಮಾರು 1.36 ಕೋಟಿ ಮಾತ್ರ. ಅದೇ ಕಂಪನಿ 2017ರ ಮಾರ್ಚ್‌ನಲ್ಲಿ, ಹಬ್ಬದ ಕಾಲವೂ ಅಲ್ಲದ ಹೊತ್ತಿನಲ್ಲಿ, ತನ್ನ ಜನಪ್ರಿಯ ಜೆಲ್ಡಾ ಸರಣಿಯ ಹೊಸ ಆಟವನ್ನು ಜೊತೆಗಿಟ್ಟು ಸ್ವಿಚ್ ಎಂಬ ಕನ್ಸೋಲ್ ತಂದು ಗೆದ್ದಿತು. ಆಟ ಸಿದ್ಧವಾದ ದಿನವೇ ಮುಹೂರ್ತ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

[ದೃಶ್ಯ: ಪ್ಲೇಸ್ಟೇಷನ್ 2, ಪಕ್ಕದಲ್ಲಿ ಕ್ಯಾಲೆಂಡರ್ ಹಾಳೆಗಳು ಉರುಳುತ್ತವೆ]

ಇನ್ನು, ಹೊಸದು ಬಂದ ದಿನ ಹಳೆಯದು ಸಾಯಬೇಕೆಂದೂ ಇಲ್ಲ. ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ. ಆದರೂ ನಮ್ಮ ಹೈದರಾಬಾದಿನ ಒಂದು ಸ್ಟುಡಿಯೋ 2009ರಲ್ಲಿ ಹನುಮಂತನ ಆಟವೊಂದನ್ನು ತಂದದ್ದು ಪ್ಲೇಸ್ಟೇಷನ್ 2ಕ್ಕೆ, ಏಕೆಂದರೆ ಇಲ್ಲಿನ ಮನೆಗಳಲ್ಲಿ ಇದ್ದದ್ದು ಅದು. ಆಟ ಹೇಗಿತ್ತು ಎನ್ನುವುದು ಬೇರೆ ಮಾತು, ಅದಕ್ಕೆ ಇನ್ನೊಂದು ವಿಡಿಯೋ ಬೇಕು. ಸೋನಿ ಆ ಹಳೆಯ ಯಂತ್ರದ ತಯಾರಿಕೆಯನ್ನು ಪೂರ್ತಿ ನಿಲ್ಲಿಸಿದ ಸುದ್ದಿ ಬಂದದ್ದು 2013ರ ಜನವರಿಯಲ್ಲಿ. ಮರು ತಿಂಗಳೇ ಅವರು ಪ್ಲೇಸ್ಟೇಷನ್ 4 ಬರುತ್ತದೆ ಎಂದು ಘೋಷಿಸಿದರು.