ರೊಟ್ಟಿ ಈಗ ಯಾರು ಬಡೀತಾರವ್ವ? - ಸಮಾಜಕಾರ್ಯದಲ್ಲಿ ಭಾಷೆ ಮತ್ತು ನಾಯಕತ್ವ

ಎಲ್ಲರಿಗೂ ನಮಸ್ಕಾರ. ಕಾಲೇಜಿಂದ ಫೋನ್ ಮಾಡಿದಾಗ ಮೇಡಂ ಹೇಳಿದ ವಿಷಯ, ಸಮಾಜಕಾರ್ಯ ವೃತ್ತಿಯಲ್ಲಿ ಭಾಷೆ ಮತ್ತು ನಾಯಕತ್ವ ಅಂತ. ಇದನ್ನ ಥಿಯರಿಯಿಂದ ಶುರು ಮಾಡೋಕೆ ನನಗೆ ಮನಸ್ಸಿಲ್ಲ, ಒಂದು ಘಟನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಈ ವೃತ್ತಿ ಬಗ್ಗೆ ನನಗೆ ಏನಾದ್ರೂ ಅರ್ಥ ಆಗಿದ್ರೆ ಅದು ಆ ದಿನದಿಂದ.

ನಾನು ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಎಂಎ ಥರದ ಕೋರ್ಸು, ಅದರ ಎರಡನೇ ವರ್ಷದಲ್ಲಿದ್ದೆ, ಫೀಲ್ಡ್‌ವರ್ಕ್‌ಗೆ ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹಾಕಿದ್ರು. ಒಬ್ಬ ತಾಯಿ ಬಂದ್ರು, ನಲವತ್ತರ ಆಸುಪಾಸು, ಏನಾಗ್ತಿದೆ ಅಂತ ಕೇಳಿದ್ದಕ್ಕೆ, "ಎದಿ ಮ್ಯಾಲ ಬೀಸೋ ಕಲ್ಲು ಇಟ್ಟಂಗ ಆಗೇತ್ರಿ, ಮೂರು ತಿಂಗಳಾತು, ರೊಟ್ಟಿ ಬಡಿಯಾಕ ಕುಂತ್ರ ಕೈನಾ ಏಳವಲ್ವು ನೋಡ್ರಿ" ಅಂದ್ರು. ನಾನು ಕೇಸ್ ಶೀಟಲ್ಲಿ ಇಂಗ್ಲಿಷಲ್ಲಿ ನೀಟಾಗಿ ಬರೆದೆ, ಲೋ ಮೂಡ್, ಈಸಿ ಫಟಿಗಬಿಲಿಟಿ, ಡ್ಯೂರೇಷನ್ ಮೂರು ತಿಂಗಳು ಅಂತ, ಅಂದ್ರೆ ಮನಸ್ಸು ಕುಗ್ಗಿದೆ, ಬೇಗ ಸುಸ್ತಾಗತ್ತೆ, ಮೂರು ತಿಂಗಳಿಂದ. ಸೂಪರ್‌ವೈಸರ್ ನೋಡಿ ಗುಡ್ ಅಂತ ಸಹಿ ಹಾಕಿದ್ರು. ತಪ್ಪೇನಿಲ್ಲ ಅದ್ರಲ್ಲಿ, ಡಾಕ್ಟರಿಗೆ ಬೇಕಾದ್ದು ಅದೇ.

ಆದ್ರೆ ಅಲ್ಲೇ ಬಕೆಟ್ ಹಿಡ್ಕೊಂಡು ನಿಂತಿದ್ದ ವಾರ್ಡಿನ ಆಯಾ, ಅವರೂ ಅದೇ ಕಡೆಯವ್ರು, ಒಂದೇ ಒಂದು ಪ್ರಶ್ನೆ ಕೇಳಿದ್ರು, "ಹಂಗಾದ್ರ ಮನ್ಯಾಗ ರೊಟ್ಟಿ ಈಗ ಯಾರು ಬಡೀತಾರವ್ವ?" ಆ ತಾಯಿ ತಲೆ ತಗ್ಗಿಸಿದ್ರು, "ದೊಡ್ಡ ಮಗಳ್ರಿ, ಸಾಲಿ ಬಿಡ್ಸೀನಿ" ಅಂದ್ರು. ಹುಡುಗಿ ಎಂಟನೇ ಕ್ಲಾಸು. ನಾನು ಬರೆದ ಇಡೀ ಪುಟದಲ್ಲಿ ಆ ಹುಡುಗಿ ಇರ್ಲಿಲ್ಲ. ರೊಟ್ಟಿ ಅನ್ನೋ ಪದ ಬಿಟ್ಟೋಗಿತ್ತಲ್ಲ, ಅದರ ಜೊತೆ ಅವಳೂ ಬಿಟ್ಟೋಗಿದ್ಲು. ಆಮೇಲೆ ನಾವು ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ರ ಮಾತಾಡಿದ್ದು, ಹುಡುಗಿ ವಾಪಸ್ ಹೋಗಿದ್ದು ಎಲ್ಲ ಆಯ್ತು, ಆದ್ರೆ ಆ ಕೇಸಲ್ಲಿ ದಾರಿ ತೋರ್ಸಿದ್ದು ನಾನೂ ಅಲ್ಲ ನನ್ನ ಸೂಪರ್‌ವೈಸರೂ ಅಲ್ಲ, ಬಕೆಟ್ ಹಿಡ್ಕೊಂಡಿದ್ದ ಆ ಅಕ್ಕ. ನಾಯಕತ್ವ ಅಂದಾಗೆಲ್ಲ ನನಗೆ ಅವರೇ ಕಣ್ಮುಂದೆ ಬರ್ತಾರೆ.

ನಮ್ಮ ವೃತ್ತಿ ಹುಟ್ಟಿದ್ದೇ ಇಂಗ್ಲಿಷಲ್ಲಿ, ಅದನ್ನ ಮುಚ್ಚಿಡೋದೇನೂ ಬೇಡ. ಈ ದೇಶದಲ್ಲಿ ಸಮಾಜಕಾರ್ಯ ಕಲಿಸೋ ಮೊದಲ ಶಾಲೆ ಶುರುವಾಗಿದ್ದು 1936ರಲ್ಲಿ ಬಾಂಬೆಯಲ್ಲಿ, ಸರ್ ದೊರಾಬ್ಜಿ ಟಾಟಾ ಹೆಸರಲ್ಲಿ, ಕಟ್ಟಿದವರು ಅಮೆರಿಕದಿಂದ ಬಂದಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಡ್, ಅದೇ ಮುಂದೆ ಟಿಸ್, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಆಯ್ತು. ನಮ್ಮಲ್ಲಿ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರಲ್ಲಿ ಬಂತು. ಕೇಸ್‌ವರ್ಕು, ಗ್ರೂಪ್‌ವರ್ಕು, ಕಮ್ಯುನಿಟಿ ಆರ್ಗನೈಸೇಷನ್ನು ಎಲ್ಲ ಇಂಗ್ಲಿಷಿಂದಾನೇ ಬಂದ ಮಾತು. ಅದನ್ನ ಆಮೇಲೆ ವ್ಯಕ್ತಿಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಅಂತ ಕನ್ನಡ ಮಾಡ್ಕೊಂಡ್ವಿ, ಎಂಪಥಿಗೆ, ಅಂದ್ರೆ ಇನ್ನೊಬ್ಬರ ನೋವನ್ನ ಅವರ ಜಾಗದಲ್ಲಿ ನಿಂತು ಅರ್ಥ ಮಾಡ್ಕೊಳ್ಳೋದಕ್ಕೆ, ತದನುಭೂತಿ ಅಂದ್ವಿ. ನನ್ನ ಕಷ್ಟ ಏನು ಅಂದ್ರೆ, ತದನುಭೂತಿ ಅಂತ ಪರೀಕ್ಷೆಯಲ್ಲಿ ಬರೆದು ಐದು ಮಾರ್ಕ್ಸ್ ತಗೊಂಡ ಹುಡುಗನಿಗೆ ಅವನ ಅಜ್ಜಿ ದಿನಾ ಹೇಳೋ "ಅಂತಃಕರಣ" ಅನ್ನೋ ಪದಾನೂ ಅದೇ ಬೀದೀದು ಅಂತ ಯಾರೂ ಹೇಳಿರಲ್ಲ. "ಕರುಳು ಚುರ್ ಅಂತು" ಅನ್ನೋದು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ. ಅಂದ್ರೆ ಇಂಗ್ಲಿಷ್ ತೆಗೆದು ಸಂಸ್ಕೃತ ತುಂಬಿದ್ರೆ ಕೆಲಸ ಮುಗೀತು ಅಂತಲ್ಲ, ಫೀಲ್ಡಲ್ಲಿ ನಿಂತಿರೋ ಹುಡುಗನಿಗೆ ಎರಡೂ ಅಷ್ಟೇ ದೂರ. 2014ರಲ್ಲಿ ಮೆಲ್ಬರ್ನ್‌ನಲ್ಲಿ ಒಪ್ಪಿದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯಲ್ಲಿ ನೆಲಮೂಲದ ಜನರ ತಿಳಿವಳಿಕೆಯೂ ಈ ವೃತ್ತಿಗೆ ಆಧಾರ ಅಂತ ಸೇರಿಸಿದ್ದಾರೆ, ನಾವು ಅದನ್ನೂ ಇಂಗ್ಲಿಷಲ್ಲೇ ಬಾಯಿಪಾಠ ಮಾಡಿಸ್ತೀವಿ.

ಪದ ತಪ್ಪಾಗಿ ಕೇಳಿಸ್ಕೊಂಡ್ರೆ ಏನಾಗಬಹುದು ಅನ್ನೋದಕ್ಕೆ ಇನ್ನೊಂದು ಹೇಳ್ಬೇಕು, ಇದು ನನ್ನನ್ನ ಬಹಳ ದಿನ ನಿದ್ದೆ ಮಾಡೋಕೆ ಬಿಟ್ಟಿಲ್ಲ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಟ್ರೈನಿ ಹಾವೇರಿ ಕಡೆ ಹಳ್ಳಿಯಲ್ಲಿ ಮನೆಭೇಟಿ ಮಾಡಿ ರಿಪೋರ್ಟ್ ತಂದಿದ್ದ. ಆ ಮನೆಯ ಹೆಂಗಸು "ನಮ್ಮ ಯಜಮಾನ್ರು ಹ್ವಾದ ವರ್ಷ ಎಣ್ಣಿ ಕುಡದಿದ್ರು, ಈಗ ಮತ್ತ ಹಂಗ ಸುಮ್ಮನ ಕುಂದರ್ತಾರು" ಅಂದಿದ್ರಂತೆ, ಇವನು ಗಂಡನಿಗೆ ಕುಡಿತದ ಚಟ ಅಂತ ಬರ್ಕೊಂಡು ಬಂದಿದ್ದ. ಬೆಂಗಳೂರಲ್ಲಿ ಎಣ್ಣೆ ಅಂದ್ರೆ ಸಾರಾಯಿ. ಹತ್ತಿ, ಗೋವಿನಜೋಳ ಬೆಳೆಯೋ ಊರಲ್ಲಿ ಎಣ್ಣಿ ಅಂದ್ರೆ ಬೆಳೆಗೆ ಹೊಡೆಯೋ ಕೀಟನಾಶಕ. ಆ ಹೆಂಗಸು ಹೇಳಿದ್ದು ನನ್ನ ಗಂಡ ಒಂದ್ಸಲ ವಿಷ ಕುಡಿದಿದ್ದ, ಈಗ ಮತ್ತೆ ಅದೇ ಲಕ್ಷಣ ಕಾಣ್ತಿದೆ, ಏನಾದ್ರೂ ಮಾಡಿ ಅಂತ. ಪುಣ್ಯಕ್ಕೆ ಆವತ್ತು ರಿಪೋರ್ಟ್ ಓದಿದ ಸಿಬ್ಬಂದಿ ರಾಣೆಬೆನ್ನೂರಿನವ್ರು, ಓದಿದ ತಕ್ಷಣ ಗಾಡಿ ತಗೊಂಡು ಹೊರಟ್ರು. ಆ ಮನುಷ್ಯ ಉಳ್ಕೊಂಡ್ರು, ಚಿಕಿತ್ಸೆಗೂ ಬಂದ್ರು. ಆ ಹುಡುಗನನ್ನ ನಾನು ಬೈಯಲಿಲ್ಲ, ಅವನು ಕನ್ನಡದವನೇ, ಅವನಿಗೆ ಈ ಕನ್ನಡ ಗೊತ್ತಿರ್ಲಿಲ್ಲ, ಮತ್ತೆ ಗೊತ್ತಿಲ್ಲದಿದ್ರೆ ತಿರುಗಿ ಕೇಳ್ಬೇಕು ಅಂತ ನಾವು ಕಲಿಸಿರ್ಲಿಲ್ಲ. "ಎಣ್ಣಿ ಅಂದ್ರೇನ್ರಿ ಅಮ್ಮಾ?" ಅಂತ ಕೇಳೋದು ಅವಮಾನ ಅಲ್ಲ. ನಿಮ್ಮಲ್ಲಿ ಯಾರಿಗಾದ್ರೂ, ನಿಮ್ಮ ಮನೇಲಿ ಯಾರಿಗಾದ್ರೂ ಹಂಗೆ ಕತ್ತಲೆ ಕವಿದಂಗೆ ಅನ್ಸಿದ್ರೆ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಇದೆ, ಕನ್ನಡದಲ್ಲೇ ಮಾತಾಡಬಹುದು, ದಯವಿಟ್ಟು ಬರ್ಕೊಳ್ಳಿ.

ಕಾನೂನಿನ ಮಾತೂ ಬದಲಾಗ್ತಾ ಬಂದಿದೆ ನೋಡಿ. ಮಾನಸಿಕ ಕಾಯಿಲೆ ಬಗ್ಗೆ ಇದ್ದ 1912ರ ಕಾಯ್ದೆ ಹೆಸರಲ್ಲೇ ಲೂನಸಿ ಅಂತಿತ್ತು, ಅಂದ್ರೆ ಹುಚ್ಚು, ಅದು ಹೋಗೋಕೆ 1987ರ ಕಾಯ್ದೆ ಬರ್ಬೇಕಾಯ್ತು. 2017ರ ಕಾಯ್ದೆಯಲ್ಲಿ ವ್ಯಕ್ತಿ ಮೊದಲು, ಕಾಯಿಲೆ ಆಮೇಲೆ. ಆದ್ರೆ ಬಸ್ಸಲ್ಲಿ ಕೂತ್ಕೊಂಡು ನಿಮ್ಹಾನ್ಸ್‌ಗೆ ಹೋಗ್ತಿದ್ದೀನಿ ಅಂದ್ರೆ ಪಕ್ಕದವ್ರ ಮುಖ ಈಗ್ಲೂ ಹೆಂಗಾಗತ್ತೆ ಅಂತ ನಿಮಗೇ ಗೊತ್ತು. ಅಂಗವೈಕಲ್ಯದ ಕಡೆ 1995ರ ಕಾಯ್ದೆಯಲ್ಲಿ 7 ವಿಧ ಇತ್ತು, 2016ರದ್ರಲ್ಲಿ 21 ಆಯ್ತು, ಪದ ಮಾತ್ರ ಅಂಗವಿಕಲ, ವಿಕಲಚೇತನ, ದಿವ್ಯಾಂಗ ಅಂತ ಬದಲಾಗ್ತಾನೇ ಇದೆ. ಯಾವುದು ಸರಿ ಮೇಡಂ ಅಂತ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ. ನಾನು ಹೇಳೋದು, ನಿಮ್ಮ ಮುಂದೆ ಕೂತಿರೋರನ್ನೇ ಕೇಳಿ. ನನಗೆ ಗೊತ್ತಿರೋ ಒಬ್ಬ ಅಣ್ಣ, ಪೋಲಿಯೋದಿಂದ ಕಾಲು ಹೋಗಿದೆ, "ದಿವ್ಯ ಗಿವ್ಯ ಬ್ಯಾಡ್ರಿ ನನಗ, ಹೆಸರು ಹಿಡದು ಕರೀರಿ, ಪಂಚಾಯ್ತಿಗೆ ಒಂದು ರ್‍ಯಾಂಪ್ ಮಾಡಸ್ರಿ ಸಾಕು" ಅಂದ್ರು. ಇನ್ನೊಬ್ಬರಿಗೆ ದಿವ್ಯಾಂಗ ಅಂದ್ರೇನೇ ಗೌರವ ಅನ್ಸತ್ತೆ. ಅವರ ಮೈಗೆ ಹೆಸರಿಡೋ ಅಧಿಕಾರ ನಮ್ಮದಲ್ಲ.

ನನಗೆ ಜಾಸ್ತಿ ಚುಚ್ಚೋ ಪದ ಫಲಾನುಭವಿ. ಯಾವ ಯೋಜನೆ ತಗೊಂಡ್ರೂ ಫಲಾನುಭವಿಗಳ ಪಟ್ಟಿ, ಫಲಾನುಭವಿಗಳ ಸಮಾವೇಶ. ಯಾರೋ ಗಿಡ ನೆಟ್ರು ಯಾರೋ ನೀರು ಹಾಕಿದ್ರು ನೀನು ಸುಮ್ನೆ ಹಣ್ಣು ತಿಂದೆ ಅಂದಂಗೆ. ಅವರು ಹಕ್ಕುದಾರರು. ಪದ ಬದಲಾದ್ರೆ ನಿಲ್ಲೋ ಭಂಗಿ ಬದಲಾಗತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೂ ನಮ್ಮ ಕಡೆ ಹೆಣ್ಮಕ್ಕಳು ಪಂಚಾಯ್ತಿ ಬಾಗಿಲಲ್ಲಿ ನಿಂತು "ಏನಾರ ಕೆಲಸ ಇದ್ರ ಕೊಡ್ರೀ ಸಾಹೇಬ್ರ" ಅಂತಿದ್ರು, ಸಾಹೇಬ್ರು ಇಲ್ಲ ಅಂದ್ರೆ ವಾಪಸ್. ಆಮೇಲೆ ಯಾರೋ ಅವರಿಗೆ ನಮೂನೆ 6 ಅನ್ನೋ ಎರಡು ಪದ ಕಲಿಸಿಕೊಟ್ರು. ಆ ಕಾಯ್ದೆಯಲ್ಲಿ ಕೆಲಸ ಕೇಳಿ ನಮೂನೆ 6ರಲ್ಲಿ ಅರ್ಜಿ ಕೊಟ್ರೆ ದಿನಾಂಕ ಹಾಕಿದ ರಸೀದಿ ಕೊಡ್ಲೇಬೇಕಿತ್ತು, ಹದಿನೈದು ದಿನದಲ್ಲಿ ಕೆಲಸ ಕೊಡ್ಲಿಲ್ಲ ಅಂದ್ರೆ ನಿರುದ್ಯೋಗ ಭತ್ಯೆ ಕೊಡ್ಬೇಕಿತ್ತು. ಓದು ಬರಹ ಬರದ ಹೆಂಗಸು ಒಳಗೆ ಹೋಗಿ "ನಮೂನಿ ಆರು ತಗೋರಿ, ರಸೀದಿ ಕೊಡ್ರಿ" ಅಂದಾಗ ಕುರ್ಚಿಯಲ್ಲಿದ್ದವ್ರು ನೆಟ್ಟಗೆ ಕೂತ್ಕೊಂಡಿದ್ದನ್ನ ನಾನು ನೋಡಿದೀನಿ. ಕಚೇರಿಯ ಮಾತನ್ನ ಜನರ ಬಾಯಿಗೆ ಕೊಡೋದು, ಜನರ ಮಾತನ್ನ ಕಚೇರಿ ಫೈಲಿಗೆ ಸೇರಿಸೋದು, ಎರಡೂ ನಮ್ಮ ಕೆಲಸವೇ.

ಎರಡನೇದು ಎಷ್ಟು ಮುಖ್ಯ ಅಂತ ಪೋಕ್ಸೋ ಕೇಸಲ್ಲಿ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಲ್ಲಿ, ಗೊತ್ತಾಗತ್ತೆ. 2012ರ ಆ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನ ಮಗು ಹೇಗೆ ಹೇಳ್ತೋ ಹಾಗೇ ಬರ್ಕೋಬೇಕು, ಬೇಕಾದ್ರೆ ಅನುವಾದಕರನ್ನ ಕರೆಸಬಹುದು. ಪೊಲೀಸ್‌ನವ್ರು ಯೂನಿಫಾರ್ಮ್ ಹಾಕ್ಕೊಂಡಿರಬಾರದು ಅಂತಾನೂ ಇದೆ. ತಾಂಡಾದ ಮಗು ಮನೇಲಿ ಮಾತಾಡೋದು ಲಂಬಾಣಿ, ಅದಕ್ಕೆ ಗೊತ್ತಿರೋ ನಾಲ್ಕು ಮಾತಲ್ಲಿ ಏನೋ ಹೇಳತ್ತೆ, ಬರೆಯೋರು ಠಾಣೆಯ ಕನ್ನಡದಲ್ಲಿ "ಸದರಿ ಆರೋಪಿಯು ಬಲವಂತವಾಗಿ" ಅಂತ ಶುರು ಮಾಡ್ತಾರೆ, ಆ ವಾಕ್ಯ ಯಾವ ಮಗುವಿನ ಬಾಯಲ್ಲಿ ಬರತ್ತೆ ಹೇಳಿ? ನಾಳೆ ಕೋರ್ಟಲ್ಲಿ ಇದು ನಿನ್ನ ಮಾತಾ ಅಂತ ಕೇಳಿದ್ರೆ ಮಗು ತಬ್ಬಿಬ್ಬು. ಅದಕ್ಕೇ ಹೇಳಿಕೆ ಬರೆಯೋವಾಗ ಪಕ್ಕದಲ್ಲಿ ಬೆಂಬಲ ವ್ಯಕ್ತಿಯಾಗಿ, ಅಂದ್ರೆ ಮಗುವಿಗೆ ನೆರವಾಗೋಕೆ, ಕೂತಿರೋ ನೀವು, ನಿಮ್ಮ ವಯಸ್ಸು ಇಪ್ಪತ್ನಾಲ್ಕೇ ಇರ್ಲಿ, "ಸರ್, ಮಗು ಹಾಗೆ ಹೇಳಿಲ್ಲ" ಅನ್ಬೇಕು. ನಾಲ್ಕೇ ಪದ. ನನ್ನ ಪ್ರಕಾರ ಈ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಲೀಡರ್‌ಶಿಪ್ ಇಲ್ಲ, ಮತ್ತೆ ಅದನ್ನ ಹೇಳೋವಾಗ ಕಾಲು ನಡುಗತ್ತೆ, ನಂಗೂ ನಡುಗಿದೆ.

ಲೀಡರ್ ಅಂದ್ರೆ ನಮ್ಮೂರಲ್ಲಿ ಪಾರ್ಟಿಯವ್ರು. ಫ್ಲೆಕ್ಸ್ ಮೇಲೆ ಸಮಾಜ ಸೇವಕರು ಅಂತ ಹಾಕಿರ್ತಾರಲ್ಲ, ಅದಕ್ಕೇ ನಾವು ಸಮಾಜಕಾರ್ಯದವ್ರು ಅಂದ್ರೆ ಜನ ಯಾವ ಪಕ್ಷ ಅಂತ ಕೇಳ್ತಾರೆ. ಆದ್ರೆ ಜನರಿಗೆ ನಾವು ಹೇಳೋ ನಾಯಕತ್ವಕ್ಕೆ ಬೇರೆ ಮಾತಿದೆ, "ಅವ್ರು ಮುಂದ ನಿಂತು ಮಾಡಿಸಿದ್ರು" ಅಂತಾರೆ. ಮದುವೆ ಇರ್ಲಿ ಸಾವು ಇರ್ಲಿ, ಮುಂದೆ ನಿಂತೋರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರನ್ನ ನೆನಪಿಸ್ಕೊಳ್ಳಿ, ಚಿಕ್ಕ ಹುಡುಗಿಯಾಗಿದ್ದಾಗ್ಲೇ ಅವರಿಗೆ ಮುತ್ತು ಕಟ್ಟಿಸಿದ್ರು, ಅಂದ್ರೆ ದೇವರಿಗೆ ಬಿಟ್ಟು ದೇವದಾಸಿ ಮಾಡಿದ್ರು, ಮುಂದೆ ಅವರೇ ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಮಕ್ಕಳ ಮಾಸ್ ಅನ್ನೋ ಸಂಘಟನೆಯನ್ನ ಮುಂದೆ ನಿಂತು ನಡೆಸಿದ್ರು, 2018ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ಈ ಪದ್ಧತಿ ನಿಷೇಧಿಸೋ ಕಾನೂನು 1982ರಲ್ಲೇ ಬಂದಿತ್ತು. ಕಾನೂನಿನ ಪುಸ್ತಕದಲ್ಲಿ ಸಮರ್ಪಣೆ ಅಂತ ಇರತ್ತೆ, ಊರಲ್ಲಿ ಮುತ್ತು ಕಟ್ಟೋದು ಅಂತಾರೆ. ಆ ಮಾತನ್ನ ಕುತ್ತಿಗೆಯಲ್ಲಿ ಹೊತ್ತವರೇ ಬಂದು ಮನೆ ಬಾಗಿಲಲ್ಲಿ ಕೂತು ಬೇಡ ತಂಗಿ ಅಂದ್ರೆ ಅದರ ತೂಕ ಬೇರೆ, ಸರ್ವೇ ಫಾರ್ಮ್ ಹಿಡ್ಕೊಂಡು "ನೀವು ಮಾಜಿ ದೇವದಾಸಿನಾ?" ಅಂತ ಅಂಗಳದಲ್ಲಿ ನಿಂತು ಕೇಳೋ ನಮಗೆ ಆ ತೂಕ ಬರಲ್ಲ, ಬರ್ಬೇಕು ಅಂತಾನೂ ಇಲ್ಲ, ಅವರಿಗೆ ಮೈಕು ಕೊಟ್ಟು ನಾವು ಪಕ್ಕಕ್ಕೆ ನಿಂತ್ರೆ ಸಾಕು.

ಪಕ್ಕಕ್ಕೆ ನಿಲ್ಲೋದು ಸುಲಭ ಅಲ್ಲ, ನಾನೇ ನಿಂತಿಲ್ಲ. ಒಂದು ಸಂಸ್ಥೆಯಲ್ಲಿ ಕೋಆರ್ಡಿನೇಟರ್ ಆಗಿದ್ದಾಗ ಫಂಡ್ ಕೊಡೋರು ಬಂದಿದ್ರು, ರಿವ್ಯೂ ಮೀಟಿಂಗ್ ಪೂರ್ತಿ ಇಂಗ್ಲಿಷಲ್ಲಿ ನಡೀತು, ಪಿಪಿಟಿ ನಂದೇ. ಹದಿನೇಳು ಹಳ್ಳಿ ಸುತ್ತೋ ನಮ್ಮ ಕಾರ್ಯಕರ್ತೆ ಕೊನೆ ಕುರ್ಚಿಯಲ್ಲಿ ಎರಡು ಗಂಟೆ ಸುಮ್ಮನೆ ಕೂತಿದ್ರು. ಸಂಘಗಳು ಯಾಕೆ ಒಡೀತಿವೆ ಅಂತ ಬಂದವರು ಕೇಳಿದ್ರು, ನಾನು ಮೊಬಿಲೈಸೇಷನ್ ಗ್ಯಾಪ್ ಅಂತ ಏನೋ ಹೇಳ್ದೆ. ಹೊರಗೆ ಬಂದ ಮೇಲೆ ಆ ಕಾರ್ಯಕರ್ತೆ ಹೇಳಿದ್ರು, "ಮೇಡಂ, ಮೈಕ್ರೋಫೈನಾನ್ಸ್‌ನವ್ರು ವಾರದ ಕಂತಿಗೆ ಮಂಗಳವಾರ ಬರ್ತಾರ, ನಮ್ಮ ಮೀಟಿಂಗೂ ಮಂಗಳವಾರ, ದುಡ್ಡಿಲ್ಲದವ್ರು ಮನೀಗೆ ಬೀಗ ಹಾಕಿ ಹೊಲಕ್ಕ ಹೋಗಿಬಿಡ್ತಾರ, ಅದಕ್ಕ ಬರಂಗಿಲ್ಲ." ಮೀಟಿಂಗನ್ನ ಗುರುವಾರಕ್ಕೆ ಹಾಕಿದ್ವಿ, ಜನ ಬಂದ್ರು. ಆ ಉತ್ತರ ಎರಡು ಗಂಟೆ ಅದೇ ರೂಮಲ್ಲಿತ್ತು, ಅದು ಆಚೆ ಬರದ ಹಾಗೆ ಬಾಗಿಲು ಹಾಕಿದ್ದು ನನ್ನ ಇಂಗ್ಲಿಷು. ಅವರಿಗೆ ನಾನು ಇವತ್ತಿಗೂ ಋಣಿ. ಇಂಗ್ಲಿಷ್ ಕಲೀಬೇಡಿ ಅಂತ ಖಂಡಿತಾ ಹೇಳ್ತಿಲ್ಲ, ಕಲೀರಿ, ಪ್ರಪೋಸಲ್ ಬರೆಯೋಕೆ, ಸುಪ್ರೀಂ ಕೋರ್ಟ್ ತೀರ್ಪು ಓದೋಕೆ ಬೇಕೇ ಬೇಕು. ಆದ್ರೆ ಬಡ್ತಿ ಕೊಡೋವಾಗ ಪಿಪಿಟಿ ಮಾಡೋರನ್ನ ಮಾತ್ರ ನೋಡೋ ಸಂಸ್ಥೆಗಳು ಇವರಂಥವರನ್ನ ಇಪ್ಪತ್ತು ವರ್ಷ ಅದೇ ಸಂಬಳದಲ್ಲಿ ಕೂರಿಸ್ತವೆ, ಇದು ಅನ್ಯಾಯ.

ನಿಮ್ಮ ಸಾರ್ ಒಪ್ಪಿದ್ದಾರೆ, ಅದಕ್ಕೆ ಒಂದು ಕೆಲಸ ಕೊಟ್ಟು ಹೋಗ್ತೀನಿ. ಈ ವಾರದ ಫೀಲ್ಡ್‌ವರ್ಕ್ ಡೈರಿಯಲ್ಲಿ ಎಡಗಡೆ ಪುಟ ಖಾಲಿ ಬಿಡಿ, ಅಲ್ಲಿ ನಿಮ್ಮ ಮುಂದೆ ಕೂತವ್ರು ಹೇಳಿದ್ದನ್ನ ಅವರ ಮಾತಲ್ಲೇ, ತುಳು ಆದ್ರೆ ತುಳು, ಉರ್ದು ಆದ್ರೆ ಉರ್ದು, ಕನ್ನಡ ಅಕ್ಷರದಲ್ಲಿ ಬರೀರಿ. ಬಲಗಡೆ ನಿಮ್ಮ ರಿಪೋರ್ಟ್. ಎಡಗಡೆ ಇರೋ ಯಾವ ಪದಕ್ಕೆ ಬಲಗಡೆ ಜಾಗ ಸಿಕ್ಕಿಲ್ವೋ ಅದರ ಕೆಳಗೆ ಗೆರೆ ಎಳೀರಿ, ಮುಂದಿನ ಭೇಟಿಯಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಕೇಳಿ. ಎರಡನೇ ಸಾಲಲ್ಲಿ ಆಗ್ಲಿಂದ ಕೈ ಎತ್ಕೊಂಡು ಕೂತಿದ್ದೀಯಲ್ಲಮ್ಮ, ಹೇಳು, ನಿಂದೇನು ಪ್ರಶ್ನೆ.